ಮಂಡಕಳ್ಳಿಯ ಎರಡು ಮೈಕುಗಳು

ನಂಜನಗೂಡು ರಸ್ತೆಯ ಮಂಡಕಳ್ಳಿಗೆ ವಿಮಾನ ನಿಲ್ದಾಣ ಬಂದದ್ದು 1940ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಈಗ ಕಾಣುವ ಟರ್ಮಿನಲ್ 2010ರದ್ದು. ರನ್‌ವೇ ಉದ್ದ 1740 ಮೀಟರ್. ದೊಡ್ಡ ಜೆಟ್‌ಗಳಿಗೆ ಅದು ಸಾಲದು. ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನಗಳಿಗೂ ತರಬೇತಿಯ ಪುಟಾಣಿ ವಿಮಾನಗಳಿಗೂ ಹೇಳಿ ಮಾಡಿಸಿದಂತಿದೆ. ಪ್ರಯಾಣಿಕರ ವಿಮಾನಗಳು ಇಲ್ಲಿಗೆ ಬಂದಿವೆ, ನಿಂತಿವೆ, ಮತ್ತೆ ಬಂದಿವೆ. ಪೈಲಟ್ ಆಗಲು ಹೊರಟ ಹುಡುಗ ಹುಡುಗಿಯರ ಪುಟ್ಟ ವಿಮಾನಗಳು ಮಾತ್ರ ಸುತ್ತು ಹಾಕುತ್ತಲೇ ಇರುತ್ತವೆ. ಒಂದೊಂದು ಸುತ್ತಿನಲ್ಲೂ ಅವರು ತಾವೆಲ್ಲಿದ್ದೇವೆ, ಮುಂದೇನು ಮಾಡುತ್ತೇವೆ ಎಂದು ಕಂಟ್ರೋಲ್ ಟವರ್‌ಗೆ ಹೇಳಬೇಕು. ತುಟಿಗೆ ತಾಗುವಷ್ಟು ಹತ್ತಿರದಲ್ಲಿ ಸ್ಪಂಜಿನ ಟೋಪಿ ಹಾಕಿಕೊಂಡ ಒಂದು ಸಣ್ಣ ಮೈಕು. ಅದಿಲ್ಲದೆ ಹಾರಾಟದ ಪಾಠ ಮುಂದೆ ಸಾಗುವುದಿಲ್ಲ.

ನಿಲ್ದಾಣದ ಬೇಲಿಯ ಆಚೆ, ಮೈಸೂರಿನ ಬಡಾವಣೆಗಳಲ್ಲಿ, ಇನ್ನೊಂದು ಜಾತಿಯ ರೇಡಿಯೊದವರಿದ್ದಾರೆ. ಹ್ಯಾಮ್‌ಗಳು, ಅಂದರೆ ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದ ಹವ್ಯಾಸಿಗಳು. ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆಸಂಕೇತವೇ ಅವರ ಗುರುತು. 12 ವರ್ಷ ತುಂಬಿದವರು ಯಾರು ಬೇಕಾದರೂ ಪರೀಕ್ಷೆಗೆ ಕೂರಬಹುದು. ಮಹಡಿಯ ಮೇಲೊಂದು ತಂತಿಯ ಆಂಟೆನಾ, ಕೋಣೆಯ ಮೂಲೆಯಲ್ಲೊಂದು ಸೆಟ್ಟು, ಸುರುಳಿ ವಯರಿನ ತುದಿಯಲ್ಲಿ ಒಂದು ಮೈಕು. ಇವರ ಕೈಯಲ್ಲೂ ಅದೇ ಕೆಲಸ: ಗುಂಡಿ ಒತ್ತಿ ಮಾತಾಡು, ಬಿಟ್ಟು ಕೇಳು.

ಈ ಎರಡು ಮೈಕುಗಳ ನಡುವೆ ಒಂದು ಮೂಲಭೂತ ವ್ಯತ್ಯಾಸವಿದೆ. ಬೇಲಿಯ ಒಳಗಿನದನ್ನು ಬಿಚ್ಚುವಂತಿಲ್ಲ. ಬೇಲಿಯ ಹೊರಗಿನದನ್ನು ಬಿಚ್ಚದೆ ಬಿಡುವವರೇ ಇಲ್ಲ. ಒಂದನ್ನು ಅರ್ಥ ಮಾಡಿಕೊಂಡರೆ ಇನ್ನೊಂದನ್ನು ಬದಲಿಸುವುದು ಹೇಗೆಂದು ಸುಲಭವಾಗಿ ತಿಳಿಯುತ್ತದೆ, ಆದ್ದರಿಂದ ಬಿಚ್ಚಬಾರದ್ದರಿಂದಲೇ ಶುರು ಮಾಡೋಣ.

ಮೊದಲ ದೂರವಾಣಿಗಳ ಕಾಲದಲ್ಲಿ, 1870ರ ದಶಕದ ಕೊನೆಯಲ್ಲಿ, ಎಡಿಸನ್, ಬರ್ಲೈನರ್, ಹ್ಯೂಸ್ ಮುಂತಾದವರು ರೂಪಿಸಿದ್ದು ಇಂಗಾಲದ ಮೈಕು. ಒಂದು ಡಬ್ಬಿಯಲ್ಲಿ ಇಂಗಾಲದ ಕಾಳುಗಳು, ಅದರ ಮೇಲೊಂದು ತೆಳು ತಗಡು. ಮಾತಿನ ಒತ್ತಡಕ್ಕೆ ತಗಡು ಅದುರಿದಾಗ ಕಾಳುಗಳು ಒತ್ತಿಕೊಂಡು ಸಡಿಲಗೊಂಡು ಅವುಗಳ ಮೂಲಕ ಹರಿಯುವ ವಿದ್ಯುತ್ತು ಹೆಚ್ಚುಕಡಿಮೆಯಾಗುತ್ತದೆ. ಆಂಪ್ಲಿಫೈಯರ್ ಬೇಕಿಲ್ಲ, ಸಿಗ್ನಲ್ ದಂಡಿಯಾಗಿ ಬರುತ್ತದೆ. ಆದರೆ ಮೈಕಿಗೆ ಸೆಟ್ಟಿನ ಕಡೆಯಿಂದ ನೇರ ವಿದ್ಯುತ್ತು ಹರಿಯಲೇಬೇಕು. ಕಾಳುಗಳು ಕಾಲಕ್ರಮೇಣ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಳೆಯ ಕಾಲದವರು ಮೈಕನ್ನು ಅಂಗೈಗೆ ತಟ್ಟಿ ಮಾತು ಶುರು ಮಾಡುತ್ತಿದ್ದುದು ಶೋಕಿಗಲ್ಲ.

ವಿಮಾನಗಳು ಈ ಮೈಕನ್ನು ಹಿಡಿದವು, ರೇಡಿಯೊಗಳು ಅದಕ್ಕೆ ತಕ್ಕಂತೆ ತಯಾರಾದವು. ಆಮೇಲೆ ಹತ್ತಾರು ಒಳ್ಳೆಯ ಮೈಕುಗಳು ಬಂದವು. ಹಾಗೆಂದು ಜಗತ್ತಿನ ಎಲ್ಲ ವಿಮಾನಗಳ ಎಲ್ಲ ರೇಡಿಯೊಗಳನ್ನೂ ಬದಲಿಸಲಾದೀತೆ? ಮೈಕಿನವರೇ ತಗ್ಗಿದರು. ಹೊಸ ಮೈಕಿನೊಳಗೆ ಒಂದು ಸಣ್ಣ ಆಂಪ್ಲಿಫೈಯರ್ ಕೂರಿಸಿ, ಇಂಗಾಲದ ಮೈಕಿಗೆಂದು ಬರುತ್ತಿದ್ದ ವಿದ್ಯುತ್ತನ್ನೇ ಅದಕ್ಕೆ ಉಣಿಸಿ, ಹೊರಗೆ ಇಂಗಾಲದ ಮೈಕಿನಷ್ಟೇ ಜೋರಾದ ಸಿಗ್ನಲ್ ಕೊಡುವಂತೆ ಮಾಡಿದರು. ಇಂದು ಮಂಡಕಳ್ಳಿಯಲ್ಲಿ ತರಬೇತಿ ಪಡೆಯುವ ವಿದ್ಯಾರ್ಥಿ ಹಸಿರು ಬಣ್ಣದ ಡೇವಿಡ್ ಕ್ಲಾರ್ಕ್ ಹೆಡ್‌ಸೆಟ್ಟನ್ನೋ ಇನ್ನೊಂದನ್ನೋ ಕೊಂಡರೆ ಅದರ ಮೈಕು ಆಧುನಿಕ ಎಲೆಕ್ಟ್ರೆಟ್. ನಡೆದುಕೊಳ್ಳುವುದು ಮಾತ್ರ ನೂರು ವರ್ಷದ ಹಿಂದಿನ ಇಂಗಾಲದ ಮೈಕಿನ ಹಾಗೆ. ಅದರ ವಯರಿನ ತುದಿಯಲ್ಲಿ ಎರಡು ಪ್ಲಗ್‌ಗಳಿರುತ್ತವೆ. ದಪ್ಪನೆಯದು ಕಿವಿಗೆ, ಸ್ವಲ್ಪ ಸಣಕಲಾದದ್ದು ಮೈಕಿಗೆ. ಅದಲು ಬದಲಾಗಿ ಚುಚ್ಚಬಾರದೆಂದೇ ಅಳತೆ ಬೇರೆ ಮಾಡಿದ್ದಾರೆ. ಹೆಲಿಕಾಪ್ಟರ್‌ಗಳದ್ದು ಮತ್ತೂ ಬೇರೆ, ಒಂದೇ ಪ್ಲಗ್.

ಈ ಮೈಕಿಗೆ ಎರಡು ಕಡೆ ತೂತು. ಎಂಜಿನ್ನಿನ ಗದ್ದಲ ಎರಡು ಕಡೆಯಿಂದಲೂ ಸಮನಾಗಿ ಬಂದು ಒಳಗಿನ ಪೊರೆಯನ್ನು ಹಿಂದೆಯೂ ಮುಂದೆಯೂ ಒತ್ತಿ ತನ್ನಷ್ಟಕ್ಕೆ ತಾನೇ ರದ್ದಾಗುತ್ತದೆ. ತುಟಿಯ ಪಕ್ಕದ ಮಾತು ಮಾತ್ರ ಒಂದು ಕಡೆಯಿಂದ ಬರುತ್ತದೆ, ಅದು ಉಳಿಯುತ್ತದೆ. ಮೈಕನ್ನು ತುಟಿಯಿಂದ ಎರಡು ಬೆರಳು ದೂರ ಸರಿಸಿದರೆ ಮಾತೂ ಗದ್ದಲದ ಜೊತೆಗೇ ರದ್ದಾಗತೊಡಗುತ್ತದೆ. ಹೊಸ ವಿದ್ಯಾರ್ಥಿಗಳಿಗೆ ಬೋಧಕರು ಪದೇ ಪದೇ ಹೇಳುವ ಮಾತು ಇದೇ: ಮೈಕ್ ತುಟಿಗೆ ತಾಗಬೇಕು.

ಪ್ರಮಾಣಪತ್ರ ಪಡೆದ ವಿಮಾನದಲ್ಲಿ ಯಾವ ಉಪಕರಣವನ್ನೂ ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. ಹೆಡ್‌ಸೆಟ್ ಕೆಟ್ಟರೆ ಅದೇ ಮಾನದಂಡದ ಇನ್ನೊಂದು. ನನಗೆ ಈ ಕಟ್ಟುನಿಟ್ಟು ಸರಿಯೆನಿಸುತ್ತದೆ. ಕಾರಣ 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ನಡೆದದ್ದು. ಮಂಜು ಕವಿದ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೊ ಜೆಟ್‌ಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಕಾರಣಗಳು ಹಲವು. ಅದರಲ್ಲೊಂದು, ಟವರ್‌ನವರು ಕಾಯಿರಿ ಎಂದದ್ದೂ ಪ್ಯಾನ್ ಆಮ್‌ನವರು ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದದ್ದೂ ಒಂದೇ ಕ್ಷಣದಲ್ಲಿ ಹೊರಟು, ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಕೀಚಲು ಶಿಳ್ಳೆಯಾಗಿ ಕೇಳಿಸಿತು. ವಿಮಾನದ ರೇಡಿಯೊ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಎಎಂ ವಿಧಾನದಲ್ಲೇ ನಡೆಯುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಎಎಂನಲ್ಲಿ ಶಿಳ್ಳೆಯಾದರೂ ಬರುತ್ತದೆ, ಏನೋ ಎಡವಟ್ಟಾಗಿದೆ ಎಂದು ತಿಳಿಯುತ್ತದೆ. ಎಫ್‌ಎಂ ಆಗಿದ್ದರೆ ಜೋರಿನವನು ಮೆತ್ತಗಿನವನನ್ನು ಸದ್ದಿಲ್ಲದೆ ನುಂಗಿಬಿಡುತ್ತಿದ್ದ. ಒಬ್ಬ ವಿದ್ಯಾರ್ಥಿಯ ಮೈಕ್ ಗುಂಡಿ ಒತ್ತಿಕೊಂಡೇ ಸಿಕ್ಕಿಹಾಕಿಕೊಂಡರೂ ಆ ಫ್ರೀಕ್ವೆನ್ಸಿಯಲ್ಲಿರುವ ಅಷ್ಟೂ ವಿಮಾನಗಳು ಮೂಕವಾಗುತ್ತವೆ. ಮೈಕೆಂದರೆ ಬರೀ ಧ್ವನಿಯಲ್ಲ, ಅದರಲ್ಲೊಂದು ಸ್ವಿಚ್ಚೂ ಇದೆ ಎಂಬುದನ್ನು ಮೈಕು ಬದಲಿಸುವವರು ಮೊದಲು ನೆನಪಿಡಬೇಕು.

ಇನ್ನು ಬೇಲಿಯ ಹೊರಗೆ ಬರೋಣ. ಮೈಸೂರಿಗೆ ಮನೆಯೊಳಗಿನ ಪ್ರಸಾರ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ದ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದಾಗ ಅವರ ಕೈಯಲ್ಲಿದ್ದದ್ದು 30 ವಾಟ್‌ನ ಟ್ರಾನ್ಸ್‌ಮಿಟರ್. ಅದೇ ‘ಆಕಾಶವಾಣಿ’ ಆಯಿತು. ಇಂದು ಹ್ಯಾಮ್ ಒಬ್ಬನ ಮೇಜಿನ ಮೇಲಿನ ದೂರದೂರಿಗೆ ಮುಟ್ಟುವ ಸಾಮಾನ್ಯ ಎಚ್‌ಎಫ್ ಸೆಟ್ಟು 100 ವಾಟ್ ಬಿಡುತ್ತದೆ. ಶಕ್ತಿಗೆ ಕೊರತೆಯಿಲ್ಲ, ಮಾತು ಅರ್ಥವಾಗುವಂತೆ ಹೋಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಸೆಟ್ಟಿನ ಜೊತೆ ಬಂದ ಮೈಕು ಒಂದು ದಿನ ಕೈಕೊಡುತ್ತದೆ. ಅದೇ ಕಂಪನಿಯ ಹೊಸ ಮೈಕು ಸಿಗುವುದಿಲ್ಲ, ಸಿಕ್ಕರೂ ಹಳೆಯ ಸೆಟ್ಟಿನ ಬೆಲೆಗೆ ಹೋಲಿಸಿದರೆ ಹೊಟ್ಟೆ ಉರಿಯುತ್ತದೆ. ಆಗ ಶುರುವಾಗುತ್ತದೆ ಹುಡುಕಾಟ. ಮೊದಲ ಬಲೆ ಎಂದರೆ ಆ ದುಂಡನೆಯ ಎಂಟು ಪಿನ್ನಿನ ಪ್ಲಗ್. ಐಕಾಮ್, ಕೆನ್‌ವುಡ್, ಯಾಯೆಸು ಮೂವರೂ ಜಪಾನಿನವರು, ಮೂವರ ಬಹಳಷ್ಟು ಸೆಟ್ಟುಗಳಲ್ಲೂ ಅದೇ ಪ್ಲಗ್, ತಿರುಗಿಸಿದರೆ ಚೆನ್ನಾಗಿಯೇ ಕೂರುತ್ತದೆ. ಒಳಗಿನ ಸಂಪರ್ಕಗಳು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಐಕಾಮ್‌ನಲ್ಲಿ ಮೈಕಿನ ಧ್ವನಿ 1ನೇ ಪಿನ್, ಒತ್ತಿ ಮಾತಾಡುವ ಪಿಟಿಟಿ ಗುಂಡಿ 5ನೇ ಪಿನ್, 2ನೇ ಪಿನ್ನಿನಲ್ಲಿ 8 ವೋಲ್ಟ್. ಕೆನ್‌ವುಡ್‌ನಲ್ಲಿ ಧ್ವನಿ 1, ಆದರೆ ಪಿಟಿಟಿ 2, ವೋಲ್ಟ್ 5ರಲ್ಲಿ. ಯಾಯೆಸು ಪೂರ್ತಿ ತಿರುವುಮುರುವು: ಧ್ವನಿ 8, ಪಿಟಿಟಿ 6, ವೋಲ್ಟ್ 2ರಲ್ಲಿ, ಅದೂ 5 ವೋಲ್ಟ್. ಕೆನ್‌ವುಡ್ ಮೈಕಿನ ಗುಂಡಿ 2ನ್ನೂ 8ನ್ನೂ ಕೂಡಿಸುತ್ತದೆ. ಅದನ್ನು ಯಾಯೆಸು ಸೆಟ್ಟಿಗೆ ಚುಚ್ಚಿ ಒತ್ತಿದರೆ 5 ವೋಲ್ಟ್ ನೇರವಾಗಿ ಮೈಕ್ ಇನ್‌ಪುಟ್ಟಿಗೇ ನುಗ್ಗುತ್ತದೆ. ಪ್ಲಗ್ ಕೂತಿತೆಂದು ಖುಷಿಪಡುವ ಮುನ್ನ ಎರಡೂ ಸೆಟ್ಟುಗಳ ಕೈಪಿಡಿ ತೆರೆದಿಟ್ಟುಕೊಳ್ಳಬೇಕು. ನಾನು ಹೇಳಿದ್ದು ಸಾಮಾನ್ಯ ಜೋಡಣೆ. ಮಾದರಿಗೊಂದು ವ್ಯತ್ಯಾಸವಿರಬಹುದು, ಕೈಪಿಡಿಯದೇ ಕೊನೆಯ ಮಾತು. ಬೆಸುಗೆ ಹಾಕುವಾಗ ಚಿತ್ರದ ಎಡಬಲ ನೋಡಿ ಪಿನ್ ಎಣಿಸುವುದೂ ಅಪಾಯ, ಮುಂದಿನಿಂದ ನೋಡಿದ್ದು ಹಿಂದಿನಿಂದ ಕನ್ನಡಿಯಾಗುತ್ತದೆ. ಪ್ಲಗ್ಗಿನ ಮೇಲೆಯೇ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಭೂತಗನ್ನಡಿ ಹಿಡಿದು ಅದನ್ನೇ ಓದಿ.

ಪಿನ್ ಸರಿಯಾದರೂ ಎರಡನೇ ಬಲೆ ಉಳಿದಿದೆ, ಹೊಸಬರಲ್ಲಿ ಹತ್ತಕ್ಕೆ ಎಂಟು ಜನ ಬೀಳುವುದು ಅದರಲ್ಲೇ. ಮೈಕು ಯಾವ ಜಾತಿಯದು? ಯಾಯೆಸು, ಕೆನ್‌ವುಡ್‌ಗಳ ಕೈಮೈಕುಗಳಲ್ಲಿ ಹೆಚ್ಚಿನವು ಡೈನಮಿಕ್, ಸುಮಾರು 600 ಓಮ್. ಪುಟ್ಟ ಸ್ಪೀಕರನ್ನು ತಿರುಗಿಸಿ ಹಿಡಿದಂತೆ: ಪೊರೆ, ಅದಕ್ಕಂಟಿದ ಸುರುಳಿ, ಅಯಸ್ಕಾಂತ. ತಾನೇ ವಿದ್ಯುತ್ತು ಹುಟ್ಟಿಸುತ್ತದೆ, ಹೊರಗಿನಿಂದ ಏನೂ ಬೇಡ. ಐಕಾಮ್‌ನವರು ಮಾತ್ರ ಎಲೆಕ್ಟ್ರೆಟ್ ನೆಚ್ಚಿಕೊಂಡವರು. ಎಲೆಕ್ಟ್ರೆಟ್‌ನೊಳಗೆ ಪುಟ್ಟದೊಂದು ಟ್ರಾನ್ಸಿಸ್ಟರ್ ಇದೆ, ಅದಕ್ಕೆ ವಿದ್ಯುತ್ತು ಬೇಕು. ಆ ವಿದ್ಯುತ್ತನ್ನು ಐಕಾಮ್ ಸೆಟ್ಟು ಧ್ವನಿ ಬರುವ 1ನೇ ಪಿನ್ನಿನ ಮೇಲೆಯೇ ಕಳಿಸುತ್ತದೆ. ಹಾಗಾಗಿ ಡೈನಮಿಕ್ ಮೈಕನ್ನು ಐಕಾಮ್‌ಗೆ ನೇರ ಕೊಟ್ಟರೆ ಸುರುಳಿಯ ಮೂಲಕ ನೇರ ವಿದ್ಯುತ್ತು ಹರಿದು ಪೊರೆ ಒಂದು ಕಡೆ ವಾಲಿ ನಿಲ್ಲುತ್ತದೆ, ಧ್ವನಿ ಕೆಡುತ್ತದೆ. ನಡುವೆ ಕೆಲವು ಮೈಕ್ರೊಫ್ಯಾರಡ್‌ನ ಒಂದು ಕೆಪ್ಯಾಸಿಟರ್ ಹಾಕಿ, ಧನ ತುದಿ ರೇಡಿಯೊ ಕಡೆಗೆ. ನೇರ ವಿದ್ಯುತ್ತು ಅಲ್ಲೇ ನಿಲ್ಲುತ್ತದೆ, ಮಾತು ದಾಟುತ್ತದೆ. ಎಲೆಕ್ಟ್ರೆಟ್ ಮೈಕನ್ನು ಕೆನ್‌ವುಡ್, ಯಾಯೆಸುಗಳಿಗೆ ಕೊಟ್ಟರೆ ಸಮಸ್ಯೆ ಉಲ್ಟಾ: ಧ್ವನಿಯ ಪಿನ್ನಿನಲ್ಲಿ ವಿದ್ಯುತ್ತಿಲ್ಲ, ಮೈಕು ಮೂಕ. ಇನ್ನೊಂದು ಪಿನ್ನಿನಲ್ಲಿರುವ 5 ಅಥವಾ 8 ವೋಲ್ಟನ್ನು ರೆಸಿಸ್ಟರ್ ಮೂಲಕ ತಂದು ಉಣಿಸಬೇಕು.

ಬಹಳ ಜನ ‘ಸೆಟ್ಟಿನ ಮಾಡ್ಯುಲೇಷನ್ ಹೋಗಿದೆ’ ಎಂದು ಸೆಟ್ಟನ್ನೇ ರಿಪೇರಿಗೆ ಹೊತ್ತು ತರುತ್ತಾರೆ. ಒಳಗೆ ಏನೂ ಕೆಟ್ಟಿರುವುದಿಲ್ಲ. ಮೈಕಿನ ಜಾತಿ ಬೇರೆಯಾಗಿರುತ್ತದೆ, ಅಷ್ಟೆ.

ಎಲೆಕ್ಟ್ರೆಟ್ ಮೈಕನ್ನು ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ್ದು 1962ರಲ್ಲಿ. ಆಮೇಲೆ ಅದು ಟೇಪ್ ರೆಕಾರ್ಡರ್, ಟೆಲಿಫೋನು, ಆಟಿಕೆ, ಎಲ್ಲದರ ಹೊಟ್ಟೆಗೂ ಸೇರಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ‘ಕಂಡೆನ್ಸರ್ ಮೈಕ್’ ಎಂದು ಕೇಳಿದರೆ ಕೊಡುತ್ತಾರೆ. ಬೆರಳ ತುದಿಯಷ್ಟಿರುವ ಲೋಹದ ಡಬ್ಬಿ, ಚಿಲ್ಲರೆ ಕಾಸಿನ ಮಾಲು. ಕೈಕೊಟ್ಟ ಡೈನಮಿಕ್ ಮೈಕಿನ ಹಳೆಯ ಕವಚದೊಳಗೆ ಈ ಡಬ್ಬಿ ಕೂರಿಸುವುದು ಹ್ಯಾಮ್‌ಗಳ ಬಹು ಹಳೆಯ ಕಸುಬು. ಕವಚ, ಗುಂಡಿ, ವಯರು ಎಲ್ಲ ಮೊದಲಿನವೇ. ಹೃದಯವಷ್ಟೇ ಹೊಸದು.

ಕೆಲಸ ಹೀಗೆ. ಕವಚದ ಸ್ಕ್ರೂ ಬಿಚ್ಚಿ ಒಳಗಿನ ಹಳೆಯ ಕ್ಯಾಪ್ಸೂಲ್ ತೆಗೆಯಿರಿ. ಹೊಸ ಡಬ್ಬಿಯ ಹಿಂದೆ ಎರಡು ಬೆಸುಗೆ ಚುಕ್ಕಿಗಳಿರುತ್ತವೆ, ಅದರಲ್ಲೊಂದು ಡಬ್ಬಿಯ ಲೋಹಕ್ಕೆ ಸೇರಿಕೊಂಡಿರುತ್ತದೆ. ಅದು ಋಣ, ಅದನ್ನು ಮೈಕ್ ಗ್ರೌಂಡಿಗೆ. ಇನ್ನೊಂದಕ್ಕೆ 2.2ರಿಂದ 4.7 ಕಿಲೊ ಓಮ್‌ನ ರೆಸಿಸ್ಟರ್ ಮೂಲಕ ಸೆಟ್ಟಿನ ವೋಲ್ಟ್. ಅದೇ ಚುಕ್ಕಿಯಿಂದ ಕೆಪ್ಯಾಸಿಟರ್ ಮೂಲಕ ಧ್ವನಿಯ ಪಿನ್ನಿಗೆ. ಬೆಸುಗೆ ಕಡ್ಡಿಯನ್ನು ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು, ಒಳಗಿನ ಪ್ಲಾಸ್ಟಿಕ್ ಪೊರೆ ಬಿಸಿ ತಾಳದು. ಡಬ್ಬಿಯ ಸುತ್ತ ಸ್ಪಂಜು ತುರುಕಿ, ಕವಚಕ್ಕೆ ನೇರ ತಾಗಬಾರದು, ಇಲ್ಲದಿದ್ದರೆ ಬೆರಳು ಸರಿದ ಸದ್ದೆಲ್ಲ ಗುಡುಗಾಗಿ ಹೋಗುತ್ತದೆ. ಕವಚದ ತೂತುಗಳಿಗೆ ಹತ್ತಿರ ಕೂರಿಸಿ. ಹಿಂದೆ ಖಾಲಿ ಜಾಗ ಬಿಟ್ಟರೆ ಪಿಪಾಯಿಯೊಳಗಿನಿಂದ ಮಾತಾಡಿದಂತಾಗುತ್ತದೆ.

ಆ ಕೆಪ್ಯಾಸಿಟರ್‌ನ ಅಳತೆಯಲ್ಲೇ ಇಡೀ ಕಲೆ ಅಡಗಿದೆ. ಸಂಗೀತ ಕೇಳುವವರಿಗೆ ದಪ್ಪ ಧ್ವನಿ ಇಷ್ಟ, ರೇಡಿಯೊಗೆ ಅಲ್ಲ. ಮನುಷ್ಯನ ಮಾತಿನಲ್ಲಿ ಶಕ್ತಿಯ ದೊಡ್ಡ ಪಾಲು 500 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಲ್ಲಿರುತ್ತದೆ. ಅರ್ಥ ಮಾಡಿಸುವುದು ಅದಕ್ಕಿಂತ ಮೇಲಿರುವ, 1000ದಿಂದ 3000 ಹರ್ಟ್ಸ್‌ವರೆಗಿನ ವ್ಯಂಜನಗಳು. ‘ಆ’ ಎಷ್ಟು ಗಟ್ಟಿಯಾದರೂ ಹೋಗಲಿ, ‘ಸ’ವೋ ‘ಶ’ವೋ ‘ತ’ವೋ ‘ಪ’ವೋ ಗೊತ್ತಾಗದಿದ್ದರೆ ಊರಿನ ಹೆಸರು ತಿಳಿಯುವುದಿಲ್ಲ. ಹ್ಯಾಮ್‌ಗಳು ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ವಿಧಾನದಲ್ಲಿ ಸೆಟ್ಟಿನ ಫಿಲ್ಟರ್ ಸುಮಾರು 2.4 ಕಿಲೊಹರ್ಟ್ಸ್ ಮಾತನ್ನಷ್ಟೇ ಬಿಡುತ್ತದೆ. 100 ವಾಟನ್ನು ಕೇಳುವವನಿಗೆ ಬೇಡದ ಗುಂಯ್‌ಗುಡುವಿಕೆಗೆ ಸುರಿದರೆ ಬೇಕಾದ ವ್ಯಂಜನಗಳಿಗೆ ಉಳಿಯುವುದು ಕಡಿಮೆ. ಇನ್‌ಪುಟ್ಟನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಮೈಕ್ ಇನ್‌ಪುಟ್ 600 ಓಮ್ ಇದ್ದು 10 ಮೈಕ್ರೊಫ್ಯಾರಡ್ ಹಾಕಿದರೆ 26 ಹರ್ಟ್ಸ್‌ವರೆಗೆ ಇಳಿಯುವ ಸದ್ದೆಲ್ಲ ಒಳಗೆ ಬರುತ್ತದೆ, ಫ್ಯಾನಿನ ಗಾಳಿಯೂ ಸೇರಿ. 1 ಮೈಕ್ರೊಫ್ಯಾರಡ್ ಹಾಕಿದರೆ 265 ಹರ್ಟ್ಸ್‌ಗಿಂತ ಕೆಳಗಿನದು ಇಳಿಯತೊಡಗುತ್ತದೆ. ಇನ್‌ಪುಟ್ 10 ಕಿಲೊ ಓಮ್ ಆದರೆ 0.047 ಮೈಕ್ರೊಫ್ಯಾರಡ್‌ನಿಂದ 340ರ ಆಸುಪಾಸು. ಒಂದೆರಡು ರೂಪಾಯಿಯ ಈ ಬಿಡಿಭಾಗ ಬದಲಿಸಿದ್ದಕ್ಕೆ ‘ಹೊಸ ಸೆಟ್ ತಗೊಂಡ್ರಾ ಸಾರ್?’ ಎಂದು ಆ ಕಡೆಯವರು ಕೇಳಿದ ಪ್ರಸಂಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾಯೆಸುವಿನ ಎಂಎಚ್-31 ಕೈಮೈಕಿನ ಬೆನ್ನಲ್ಲಿ ಟೋನ್ ಸ್ವಿಚ್ ಇಟ್ಟಿರುವುದು ಇದೇ ಕಾರಣಕ್ಕೆ. ಅದನ್ನು ಒಮ್ಮೆಯೂ ಸರಿಸಿ ನೋಡದೆ ಹೊಸ ಮೈಕಿಗೆ ದುಡ್ಡು ಸುರಿದವರು ಎಷ್ಟೋ.

ಮಹಾಪ್ರಾಣಗಳ ವಿಷಯ ಬೇರೆ. ‘ಭ’, ‘ಫ’, ‘ಧ’ ಅನ್ನುವಾಗ ಬಾಯಿಂದ ಹೊರಡುವ ಗಾಳಿಯ ಗುದ್ದು ಮೈಕಿನ ಪೊರೆಗೆ ನೇರ ಬಡಿದರೆ ‘ಡಬ್’ ಎನ್ನುತ್ತದೆ. ಮೈಕನ್ನು ಬಾಯಿಯ ಎದುರಲ್ಲ, ಬಾಯಿಯ ಓರೆಗೆ ಹಿಡಿಯಿರಿ. ಇಷ್ಟಕ್ಕೆ ಯಾವ ಮಾರ್ಪಾಡೂ ಬೇಡ.

ಎಲೆಕ್ಟ್ರೆಟ್‌ಗೆ ಒಂದು ದೋಷವಿದೆ: ಅದು ವಾಚಾಳಿ. ಡೈನಮಿಕ್‌ಗಿಂತ ಜೋರಾದ ಸಿಗ್ನಲ್ ಕೊಡುವುದರಿಂದ ಸೆಟ್ಟಿನ ಮೈಕ್ ಗೇನ್ ಮೊದಲಿನ ಜಾಗದಲ್ಲೇ ಇಟ್ಟರೆ ಸಿಗ್ನಲ್ ಮಿತಿಮೀರಿದ್ದನ್ನು ತೋರಿಸುವ ಎಎಲ್‌ಸಿ ಮುಳ್ಳು ಕೆಂಪು ಗೆರೆ ದಾಟಿ ಕೂರುತ್ತದೆ. ಮಾತಿನ ನಡುವೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನ ಕುಕ್ಕರ್ ಶಿಳ್ಳೆ, ಬೀದಿಯ ಆಟೊ, ಎದುರುಮನೆಯ ಟೀವಿ ಎಲ್ಲವೂ ಎದ್ದುಬರುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ ಅಕ್ಕಪಕ್ಕದ ಫ್ರೀಕ್ವೆನ್ಸಿಯವರ ಮೇಲೆಲ್ಲ ಚೆಲ್ಲಾಡುವುದು. 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿನಲ್ಲಿ ಬೆಳಗಿನ ಹೊತ್ತು ದಕ್ಷಿಣ ಭಾರತದ ಹ್ಯಾಮ್‌ಗಳು ಒತ್ತೊತ್ತಾಗಿ ಕೂತಿರುತ್ತಾರೆ; ಒಬ್ಬನ ಅತಿ ಉತ್ಸಾಹ ಹತ್ತು ಜನರಿಗೆ ಕಿರಿಕಿರಿ. ಗೇನ್ ಇಳಿಸಿ, ಅದೂ ಸಾಲದಿದ್ದರೆ 10 ಕಿಲೊ ಓಮ್ ಮತ್ತು 1 ಕಿಲೊ ಓಮ್‌ನ ಎರಡು ರೆಸಿಸ್ಟರ್‌ಗಳಿಂದ ಸಿಗ್ನಲನ್ನು ಸುಮಾರು ಹತ್ತರಲ್ಲೊಂದು ಭಾಗಕ್ಕೆ ತಗ್ಗಿಸಬಹುದು.

ಇನ್ನೊಂದು ಕಾಯಿಲೆ ಎಂದರೆ ಸ್ವಂತ ಆಂಟೆನಾದ ಶಕ್ತಿ ಮೈಕಿನ ವಯರಿಗೇ ವಾಪಸು ನುಗ್ಗುವುದು. ಪುಟ್ಟ ಸೈಟಿನ ಮನೆ, ಮಹಡಿಯ ಮೇಲೇ ಆಂಟೆನಾ, ಕೆಳಗಿನ ಕೋಣೆಯಲ್ಲೇ ಸೆಟ್ಟು: ಮೈಸೂರಿನ ಹೊಸ ಬಡಾವಣೆಗಳಲ್ಲಿ ಇದು ಸಾಮಾನ್ಯ. ಮೈಕಿನೊಳಗಿನ ಟ್ರಾನ್ಸಿಸ್ಟರ್ ಆ ರೇಡಿಯೊ ಶಕ್ತಿಯನ್ನು ಧ್ವನಿಯೆಂದು ತಪ್ಪು ತಿಳಿದು ಗೊರಗೊರ ಶುರು ಮಾಡುತ್ತದೆ. ಕ್ಯಾಪ್ಸೂಲ್‌ನ ಎರಡು ಚುಕ್ಕಿಗಳ ನಡುವೆ, ಆದಷ್ಟು ಗಿಡ್ಡ ಕಾಲಿನಲ್ಲಿ, 100 ಪಿಕೊಫ್ಯಾರಡ್‌ನಿಂದ 1000 ಪಿಕೊಫ್ಯಾರಡ್‌ವರೆಗಿನ ಒಂದು ಸೆರಾಮಿಕ್ ಕೆಪ್ಯಾಸಿಟರ್, ಪ್ಲಗ್ಗಿನ ಬಳಿ ವಯರಿಗೆ ಒಂದು ಫೆರೈಟ್ ಮಣಿ, ಧ್ವನಿಯ ತಂತಿಗೆ ಹೆಣೆದ ಲೋಹದ ಹೊದಿಕೆ ಇರುವ ವಯರು. ಧ್ವನಿಯ ಗ್ರೌಂಡನ್ನೂ ಪಿಟಿಟಿಯ ಗ್ರೌಂಡನ್ನೂ ಬೇರೆ ಬೇರೆ ತಂತಿಯಲ್ಲೇ ಸೆಟ್ಟಿನವರೆಗೂ ಒಯ್ಯಿರಿ. ಇಷ್ಟರಲ್ಲಿ ಸಾಧಾರಣವಾಗಿ ವಾಸಿಯಾಗುತ್ತದೆ.

ಇಷ್ಟು ಬಿಚ್ಚುವ ತಾಪತ್ರಯವೇಕೆ, ಒಳ್ಳೆಯ ಮೈಕೇ ತರೋಣ ಎನ್ನುವವರ ಮಾತಿಗೂ ಬರೋಣ. ಮದುವೆ ಛತ್ರ, ಹರಿಕಥೆ, ಗಣಪತಿ ಪೆಂಡಾಲ್ ಎಲ್ಲ ಕಡೆ ಕಂಡ ಅಹುಜಾ ಮೈಕನ್ನು ಸೆಟ್ಟಿಗೆ ಕೊಟ್ಟು ನೋಡದ ಹ್ಯಾಮ್ ಅಪರೂಪ. ಗಟ್ಟಿಮುಟ್ಟಾದ ಡೈನಮಿಕ್, ಸರಿಯಾಗಿ ಜೋಡಿಸಿದರೆ ಕೆಲಸವೂ ಮಾಡುತ್ತದೆ. ಆದರೆ ವೇದಿಕೆಯ ಮೈಕನ್ನು ಬಾಯಿಗೆ ಹತ್ತಿರ ತಂದಷ್ಟೂ ದಪ್ಪ ಧ್ವನಿ ಉಬ್ಬುತ್ತದೆ, ಹಾಡುವವರಿಗೆ ಬೇಕಾದದ್ದು ಅದೇ, ನಮಗೆ ಬೇಡವಾದದ್ದೂ ಅದೇ. ಅದರ ಮೇಲಿನ ಸ್ವಿಚ್ಚು ಮೈಕನ್ನು ಆರಿಸುತ್ತದೆ, ಸೆಟ್ಟನ್ನು ಪ್ರಸಾರಕ್ಕೆ ಹೊರಳಿಸುವುದಿಲ್ಲ. ಕಾಲಲ್ಲಿ ಒತ್ತುವ ಸ್ವಿಚ್ ಬೇರೆ ಹೊಂದಿಸಬೇಕು. ಇನ್ನು ಅಮೆರಿಕದ ಅಸ್ಟಾಟಿಕ್ ಕಂಪನಿಯ ಡಿ-104. 1930ರ ದಶಕದಿಂದ ಬಂದ, ಕಂಬದ ತುದಿಯಲ್ಲಿ ದುಂಡನೆಯ ತಲೆಯ ಹೊಳೆಯುವ ಮೇಜು ಮೈಕು. ನೋಡಲು ಅದರಷ್ಟು ಚೆಂದದ್ದು ಇನ್ನೊಂದಿಲ್ಲ. ಆದರೆ ಅದರ ಹರಳು ರೋಶೆಲ್ ಉಪ್ಪಿನದು, ಬಿಸಿಗೂ ತೇವಕ್ಕೂ ಕರಗುವ ಸ್ವಭಾವ. ಅದು ಕೇಳುವುದು ಹಳೆಯ ವಾಲ್ವ್ ಸೆಟ್ಟುಗಳ ಹೈ ಇಂಪಿಡೆನ್ಸ್ ಇನ್‌ಪುಟ್. ಕರಾವಳಿಯವರು ಅದನ್ನು ಶೋಕೇಸಿನಲ್ಲಿಡಲಿ. ಪ್ರತಿಧ್ವನಿ ಕೂಡಿಸುವ ಎಕೋ ಮೈಕು, ಗುಂಡಿ ಬಿಟ್ಟಾಗ ‘ಪೀಂ’ ಎನ್ನುವ ಮೈಕುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅವುಗಳನ್ನು ಬಳಸುವವರಿಗೆ ಅಕ್ಕಪಕ್ಕದವರೇ ಹೇಳುತ್ತಿರುತ್ತಾರೆ.

ಈ ವಿಷಯದಲ್ಲಿ ಮೆಚ್ಚಬೇಕಾದ ದಾರಿ ನಮ್ಮ ನೆರೆಯ ಹೈದರಾಬಾದಿನಿಂದ ಬಂತು. ಅಲ್ಲಿನ ಅಶರ್ ಫರ್ಹಾನ್, ವಿಯು2ಇಎಸ್‌ಇ, 2003ರ ಹೊತ್ತಿಗೆ ಬಿಟ್‌ಎಕ್ಸ್ ಎಂಬ ಸೆಟ್ಟನ್ನು ರೂಪಿಸಿ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಭಾರತದ ಸಣ್ಣ ಊರಿನಲ್ಲೂ ಸಿಗುವ ಭಾಗಗಳಲ್ಲೇ ಕಟ್ಟಬೇಕೆಂಬ ಹಟ. ತಂತಿ ಸುತ್ತುವ ಆಮದು ಉಂಗುರ, ಅಂದರೆ ಟೊರಾಯ್ಡ್ ಬದಲು ನಲ್ಲಿಗೆ ಹಾಕುವ ವಾಷರ್ ಮೇಲೆ ತಂತಿ ಸುತ್ತಿಸಿದರು. ಮುಂದೆ ಬಿಟ್‌ಎಕ್ಸ್40, ಮೈಕ್ರೊಬಿಟ್‌ಎಕ್ಸ್ ಬೋರ್ಡುಗಳು ಹೈದರಾಬಾದಿನಲ್ಲಿ ಮಹಿಳೆಯರ ಗುಂಪೊಂದರ ಕೈಯಲ್ಲಿ ಜೋಡಣೆಗೊಂಡು ಜಗತ್ತಿಗೆಲ್ಲ ಹೋದವು. ಅದಕ್ಕೆ ಮೈಕು ಯಾವುದು? ಅದೇ ಚಿಲ್ಲರೆ ಕಾಸಿನ ಎಲೆಕ್ಟ್ರೆಟ್ ಡಬ್ಬಿ, ಜೊತೆಗೊಂದು ಗುಂಡಿ. ಕವಚ ಕಟ್ಟುವವನ ಇಷ್ಟ: ಮಾತ್ರೆ ಡಬ್ಬಿ, ಮಾರ್ಕರ್ ಪೆನ್ನಿನ ಕೊಳವೆ, ಯಾವುದಾದರೂ ಆದೀತು. ಆ ಮೈಕಿನಲ್ಲೇ ಜನ ಖಂಡಾಂತರ ಮಾತಾಡಿದ್ದಾರೆ. ಮೈಕಿನ ಬೆಲೆಗೂ ಮಾತಿನ ಸ್ಪಷ್ಟತೆಗೂ ಸಂಬಂಧ ಇಷ್ಟೇ.

ಜಮೀನು, ಕಟ್ಟಡ ಕೆಲಸ, ಜಾತ್ರೆ ಉಸ್ತುವಾರಿಗೆಂದು ಆನ್‌ಲೈನಿನಲ್ಲಿ ವಾಕಿಟಾಕಿ ತರಿಸಿ ಅದಕ್ಕೆ ಹೆಗಲಿಗೆ ಸಿಗಿಸುವ ಮೈಕು ಹುಡುಕುವವರಿಗೂ ಒಂದು ಮಾತು. ಮೈಕು ಬದಲಿಸಲು ಯಾರ ಅಪ್ಪಣೆಯೂ ಬೇಡ, ಆದರೆ ಸೆಟ್ಟಿಗೆ ಬೇಕು. ಪರವಾನಗಿ ಇಲ್ಲದೆ ಬಳಸಲು ನಮ್ಮಲ್ಲಿ ಬಿಟ್ಟಿರುವುದು 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್ ಮತ್ತು 446.0ಯಿಂದ 446.2 ಮೆಗಾಹರ್ಟ್ಸ್‌ವರೆಗಿನ ಪುಟ್ಟ ಪಟ್ಟಿ, ಅದೂ ನಿಗದಿತ ಕಡಿಮೆ ಶಕ್ತಿಯಲ್ಲಿ. ಉಳಿದ ಫ್ರೀಕ್ವೆನ್ಸಿಗಳಲ್ಲಿ ನಡೆಯುವ ಅಗ್ಗದ ಸೆಟ್ಟುಗಳನ್ನು ಹೇಳದೆ ಕೇಳದೆ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಇ-ವಾಣಿಜ್ಯ ಕಂಪನಿಗಳಿಗೆ ನೋಟಿಸ್ ಕೊಟ್ಟಿತ್ತು. ಮಂಡಕಳ್ಳಿಯಂಥ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಇರುವವರಂತೂ ಇನ್ನಷ್ಟು ಎಚ್ಚರವಾಗಿರಬೇಕು. ಈ ಕೈಸೆಟ್ಟುಗಳ ಎರಡು ಮೊಳೆಯ ಪ್ಲಗ್ಗು ಸಡಿಲಗೊಂಡರೆ ಪಿಟಿಟಿ ತಾನೇ ತಾನಾಗಿ ಹತ್ತಿ ಕೂರುವುದುಂಟು. ಗುಂಡಿ ಒತ್ತದೆಯೇ ಕೆಂಪು ದೀಪ ಉರಿದರೆ ಮೊದಲು ಪ್ಲಗ್ ಕಿತ್ತುಬಿಡಿ.

ಮೈಕು ಬದಲಿಸಿ ಆಯಿತು, ಹೇಗಿದೆಯೆಂದು ಯಾರನ್ನು ಕೇಳುವುದು? ಸ್ನೇಹಿತರನ್ನಂತೂ ಅಲ್ಲ. ಅವರು ‘ಬೊಂಬಾಟಾಗಿದೆ, ಐವತ್ತೊಂಬತ್ತು’ ಎಂದೇ ಹೇಳುತ್ತಾರೆ. ಹ್ಯಾಮ್ ಭಾಷೆಯಲ್ಲಿ 59 ಎಂದರೆ ಪೂರ್ತಿ ಅಂಕ, ಮರ್ಯಾದೆಗೆ ಕೊಡುವ ಅಂಕವೂ ಅದೇ. ಸೆಟ್ಟಿಗೆ ಆಂಟೆನಾ ಬದಲು ಶಕ್ತಿಯನ್ನು ಹೊರಬಿಡದೆ ನುಂಗಿಕೊಳ್ಳುವ ಡಮ್ಮಿ ಲೋಡ್ ಹಾಕಿ, ಪಕ್ಕದ ಕೋಣೆಯಲ್ಲಿ ಇನ್ನೊಂದು ರಿಸೀವರ್‌ಗೆ ಇಯರ್‌ಫೋನ್ ಚುಚ್ಚಿ, ಹಳೆಯ ಮೈಕಿನಲ್ಲೊಮ್ಮೆ ಹೊಸದರಲ್ಲೊಮ್ಮೆ ಮನೆಯವರಿಂದ ಊರಿನ ಹೆಸರುಗಳನ್ನು ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಡಕೊಳ, ತಾಂಡವಪುರ, ಸುತ್ತೂರು, ತಗಡೂರು ಎಂದು ಓದಲಿ. ಎಷ್ಟು ಹೆಸರು ತಪ್ಪಿಲ್ಲದೆ ಬರೆದುಕೊಳ್ಳಲು ಆಯಿತೆಂಬುದೇ ಅಳತೆ. ಧ್ವನಿ ಇಂಪಾಗಿತ್ತೇ ಎಂಬುದು ಲೆಕ್ಕಕ್ಕಿಲ್ಲ. ವಿಮಾನದ ಮೈಕು ಕಲಿಸುವುದೂ ಇದನ್ನೇ, ಅದರಲ್ಲಿ ಯಾರ ಧ್ವನಿಯೂ ಚೆನ್ನಾಗಿ ಕೇಳಿಸುವುದಿಲ್ಲ, ಆದರೆ ಅಂಕಿಗಳು ತಪ್ಪುವುದಿಲ್ಲ.

ಕೊನೆಗೊಂದು ವಿನಂತಿ. ಹೊಸ ಮೈಕಿಗೆ ದುಡ್ಡು ಹಾಕುವ ಮುನ್ನ ಹಳೆಯದರ ವಯರನ್ನು ಪರೀಕ್ಷಿಸಿ. ಸುರುಳಿ ವಯರು ಮೈಕಿನ ಕುತ್ತಿಗೆಯ ಹತ್ತಿರವೂ ಪ್ಲಗ್ಗಿನ ಹತ್ತಿರವೂ ದಿನವೂ ಬಾಗಿ ಬಾಗಿ ಒಳಗಿನ ಎಳೆ ತುಂಡಾಗಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ತುದಿ ಪ್ಲಗ್ಗಿನ ಪಿನ್ನಿಗೆ, ಇನ್ನೊಂದು ಮೈಕಿನೊಳಗಿನ ಬೆಸುಗೆಗೆ ಹಿಡಿದು ವಯರನ್ನು ಅಲುಗಾಡಿಸಿ. ಬೀಪ್ ನಿಂತು ನಿಂತು ಬಂದರೆ ಕೆಟ್ಟಿರುವುದು ಮೈಕಲ್ಲ, ವಯರು. ಮುರಿದ ಎರಡು ಅಂಗುಲ ಕತ್ತರಿಸಿ ತೆಗೆದು ಮತ್ತೆ ಬೆಸೆದರೆ ಅದೇ ಮೈಕು ಇನ್ನೂ ಹಲವು ವರ್ಷ ನಡೆಯುತ್ತದೆ.